ಶುಭ ಶುಕ್ರವಾರದ ಮರುದಿನ ವಿಜ್ಞಾನ ಪರೀಕ್ಷೆ

2024ರ ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ನೆನಪಿದೆಯೇ? ಮಾರ್ಚ್ 25ಕ್ಕೆ ಪ್ರಥಮ ಭಾಷೆ, 27ಕ್ಕೆ ಸಮಾಜ ವಿಜ್ಞಾನ, 30ಕ್ಕೆ ವಿಜ್ಞಾನ, ಏಪ್ರಿಲ್ 2ಕ್ಕೆ ಗಣಿತ. ಇದು ಪರೀಕ್ಷಾ ಮಂಡಳಿಯ ಲೆಕ್ಕ. ಚರ್ಚಿನ ಲೆಕ್ಕದಲ್ಲಿ ಅದೇ 28 ಪವಿತ್ರ ಗುರುವಾರ, 29 ಶುಭ ಶುಕ್ರವಾರ, 31 ಈಸ್ಟರ್. ಕ್ರೈಸ್ತ ವಿದ್ಯಾರ್ಥಿಯೊಬ್ಬ ಇಡೀ ವರ್ಷದ ಅತಿ ದೊಡ್ಡ ಮೂರು ದಿನಗಳ ನಡುವೆ ಬೆಳಕಿನ ವಕ್ರೀಭವನ, ಆಮ್ಲ–ಪ್ರತ್ಯಾಮ್ಲಗಳನ್ನು ಮನನ ಮಾಡಬೇಕಾಯಿತು.

ಕ್ರಿಸ್‌ಮಸ್‌ಗೆ ಈ ತೊಡಕಿಲ್ಲ. ಅದು ಡಿಸೆಂಬರ್ 25 ಬಿಟ್ಟು ಕದಲುವುದಿಲ್ಲ. ಈಸ್ಟರ್ ಹಾಗಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಅದು. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಿ ಬೇಕಾದರೂ ಬೀಳಬಹುದು. 2025ರಲ್ಲಿ ಏಪ್ರಿಲ್ 20ಕ್ಕೆ ಬಂದಾಗ ಎಸ್ಸೆಸ್ಸೆಲ್ಸಿ ಮಕ್ಕಳು ಪರೀಕ್ಷೆ ಮುಗಿಸಿ ಹಾಯಾಗಿದ್ದರು. ಬೇಗ ಬಂದ ವರ್ಷ ಮಾತ್ರ ಮನೆಯಲ್ಲಿ ಮಾತು ಶುರು: ‘ಚರ್ಚಿಗೆ ಹೋಗುವುದೋ, ಮನೆಯಲ್ಲೇ ಇದ್ದು ಓದುವುದೋ?’

ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯವನ್ನು ನೋಡಿದವರಿಗೆ ಆ ಆಕರ್ಷಣೆ ಎಂಥದೆಂದು ಗೊತ್ತು. 1988ರಲ್ಲಿ ಶಿವಮೊಗ್ಗ ಪ್ರತ್ಯೇಕ ಧರ್ಮಪ್ರಾಂತ್ಯವಾದಂದಿನಿಂದ ಅದು ಜಿಲ್ಲೆಯಾಚೆಗೂ ಹೆಸರಾದ ದೇವಾಲಯ. ಅಷ್ಟು ಜನರ ನಡುವೆ ಮೊಣಕಾಲೂರುವ ಅನುಭವ ಮನೆಯ ಮೂಲೆಯಲ್ಲಿ ಸಿಗುವುದಿಲ್ಲ, ನಿಜ. ಆದರೆ ಶುಭ ಶುಕ್ರವಾರ ದೀರ್ಘವಾದ ದಿನ. ಶಿಲುಬೆ ಹಾದಿ, ಪಾಡುಗಳ ವಾಚನ, ಶಿಲುಬೆಯ ಆರಾಧನೆ ಎಂದು ಹಗಲೇ ಕಳೆಯುತ್ತದೆ. ಪ್ರಾಟೆಸ್ಟೆಂಟ್ ಸಭೆಗಳಲ್ಲೂ ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ ಸಾಮಾನ್ಯವಾಗಿ ಮೂರು ತಾಸು ಹಿಡಿಯುತ್ತದೆ.

ಇಲ್ಲಿ ಎಷ್ಟೋ ಪಾಲಕರಿಗೆ ತಿಳಿಯದ ಒಂದು ಸಂಗತಿ ಇದೆ. ಕಥೋಲಿಕ ನಿಯಮದಲ್ಲಿ ಭಾನುವಾರದ ಬಲಿಪೂಜೆ ಕಡ್ಡಾಯ, ಶುಭ ಶುಕ್ರವಾರದ ಆರಾಧನೆ ಕಡ್ಡಾಯವಲ್ಲ. ಅಂದು ಬಲಿಪೂಜೆಯೇ ಇರುವುದಿಲ್ಲ. ಕಡ್ಡಾಯವಿರುವುದು ಉಪವಾಸ ಮತ್ತು ಮಾಂಸವರ್ಜನೆ. ಅದರಲ್ಲೂ ಲ್ಯಾಟಿನ್ ವಿಧಿಯ 1983ರ ಕಾನೂನು ಸಂಹಿತೆಯ ಪ್ರಕಾರ ಮಾಂಸವರ್ಜನೆ 14 ತುಂಬಿದವರಿಗೆ, ಉಪವಾಸ 18 ತುಂಬಿದವರಿಗೆ. ಹದಿನೈದು, ಹದಿನಾರರ ಹುಡುಗಿಗೆ ಪರೀಕ್ಷೆಯ ಹಿಂದಿನ ದಿನ ‘ಊಟ ಮಾಡಬೇಡ’ ಎನ್ನುವ ಅಜ್ಜಿ ಭಕ್ತಿಯಲ್ಲಿ ದೊಡ್ಡವರಿರಬಹುದು, ಆದರೆ ಚರ್ಚು ಅಷ್ಟನ್ನು ಕೇಳಿಲ್ಲ.

ಹಾಗೆಂದು ಚರ್ಚಿಗೆ ಹೋಗದಿದ್ದರೆ ಹಬ್ಬವೇ ಇಲ್ಲವೇ? ಹದಿನೆಂಟು–ಇಪ್ಪತ್ತು ಕಿಲೋಮೀಟರು ದೂರದ ಭದ್ರಾವತಿಯಲ್ಲಿ ಇದಕ್ಕೊಂದು ಉತ್ತರವಿದೆ. ಕೇರಳ ಮೂಲದ ಸಿರೋ ಮಲಬಾರ್ ಕಥೋಲಿಕರಿಗಾಗಿ ಮಾನಂದವಾಡಿಯಿಂದ ಬೇರ್ಪಡಿಸಿ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಈ ಸಂಪ್ರದಾಯದಲ್ಲಿ ಪವಿತ್ರ ಗುರುವಾರದ ರಾತ್ರಿ ಮನೆಯದೇ. ಅಕ್ಕಿ ಮತ್ತು ಉದ್ದಿನ ಹಿಟ್ಟನ್ನು ಹುಳಿ ಬರಿಸದೆ ‘ಪೆಸಹ ಅಪ್ಪಂ’ ಬೇಯಿಸುತ್ತಾರೆ. ಗರಿಗಳ ಭಾನುವಾರ ಚರ್ಚಿನಿಂದ ತಂದ ಗರಿಯ ಚೂರನ್ನು ಶಿಲುಬೆಯಾಗಿಸಿ ಅದರ ಮೇಲಿಡುತ್ತಾರೆ. ತೆಂಗಿನ ಹಾಲು, ಬೆಲ್ಲದ ಪಾನಕವೂ ಇರುತ್ತದೆ. ಎಲ್ಲರೂ ಪ್ರಾರ್ಥಿಸಿದ ಮೇಲೆ ಮನೆಯ ಹಿರಿಯರು ಅಪ್ಪ ಮುರಿದು ವಯಸ್ಸಿನ ಕ್ರಮದಲ್ಲಿ ಹಂಚುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಮಾಡುವುದಿಲ್ಲ. ನೆರೆಹೊರೆಯವರು, ಬಂಧುಗಳು ತಂದುಕೊಡುತ್ತಾರೆ. ಇಡೀ ವಿಧಿಗೆ ಹೆಚ್ಚು ಹೊತ್ತು ಬೇಡ, ಆದರೆ ಯಾವ ಮಗುವೂ ಅದನ್ನು ಮರೆಯುವುದಿಲ್ಲ. ಚರ್ಚಿನಿಂದ ತಂದ ಗರಿಗೆ ಮನೆಯ ಊಟದಲ್ಲಿ ಜಾಗ ಸಿಗುವ ಈ ಕ್ರಮ ನನಗಂತೂ ಬಹಳ ಹಿಡಿಸುತ್ತದೆ.

2020ರಲ್ಲಿ ಎಲ್ಲರೂ ಇದನ್ನು ಅನಿವಾರ್ಯವಾಗಿ ಕಲಿತರು. ಲಾಕ್‌ಡೌನ್‌ನಿಂದ ಏಪ್ರಿಲ್ 12ರ ಈಸ್ಟರ್‌ಗೆ ಚರ್ಚುಗಳ ಬಾಗಿಲು ಮುಚ್ಚಿತ್ತು. ಪರೀಕ್ಷೆಯೂ ಜೂನ್ 25ಕ್ಕೆ ಹೋಯಿತು. ಅಂದು ಮೊಬೈಲಿನಲ್ಲಿ ಪೂಜೆ ನೋಡುವ ರೂಢಿ ಬಂತು, ಹಲವರಲ್ಲಿ ಉಳಿಯಿತು ಕೂಡ. ರೋಗಿಗಳಿಗೆ, ವೃದ್ಧರಿಗೆ ಅದು ವರವೇ. ಆದರೆ ಒಂದು ಕಣ್ಣು ಮೊಬೈಲಿನಲ್ಲಿ, ಇನ್ನೊಂದು ಕಣ್ಣು ಗೈಡಿನಲ್ಲಿಟ್ಟ ವಿದ್ಯಾರ್ಥಿಗೆ ಪೂಜೆಯೂ ಇಲ್ಲ, ಪಾಠವೂ ಇಲ್ಲ. ಅದಕ್ಕಿಂತ ಮೂರು ಗಂಟೆಗೆ ಪುಸ್ತಕ ಮುಚ್ಚಿ, ಮನೆಯವರೆಲ್ಲ ಸೇರಿ ಪಾಡುಗಳ ಅಧ್ಯಾಯ ಓದಿ, ಕಾಲು ಗಂಟೆ ಮೌನವಾಗಿ ಕೂತು ಎದ್ದರೆ ಸಾಕು.

ಪಾಲಕರಲ್ಲಿ ಒಂದು ಮನವಿ. ನಿರ್ಧಾರವನ್ನು ಗುರುವಾರ ಸಂಜೆಗೆ ಬಿಡಬೇಡಿ. ಗರಿಗಳ ಭಾನುವಾರವೇ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಎರಡೂ ಪಟ್ಟಿಗಳನ್ನು ಮುಂದಿಟ್ಟು ಕೇಳಿ. ‘ಚರ್ಚಿಗೆ ಬರದಿದ್ದರೆ ನಂಬರು ಬರುವುದಿಲ್ಲ’ ಎಂದು ಹೆದರಿಸಬೇಡಿ. ‘ಪರೀಕ್ಷೆ ಇದೆ, ದೇವರು ಕಾಯುತ್ತಾನೆ’ ಎಂದು ನೀವೇ ತೀರ್ಮಾನಿಸಿ ಬಾಗಿಲು ಹಾಕಿಕೊಂಡು ಹೋಗಲೂಬೇಡಿ. ಎಲ್ಲರೂ ಹೊರಟ ಮನೆಯಲ್ಲಿ ಒಂಟಿಯಾಗಿ ಕೂತ ಮಗುವಿಗೆ ಓದು ಹತ್ತುವುದು ಕಷ್ಟ. ಒಬ್ಬರಾದರೂ ಜೊತೆಗಿರಿ.

2024ರ ಪಟ್ಟಿಯನ್ನೇ ಇನ್ನೊಮ್ಮೆ ನೋಡಿ. ಗುರುವಾರ ಸಂಜೆ ಮನೆ, ಶುಕ್ರವಾರ ಮನೆ ಅಥವಾ ಒಂದು ತಾಸಿನ ಶಿಲುಬೆ ಹಾದಿ. ಶನಿವಾರ ವಿಜ್ಞಾನ ಪತ್ರಿಕೆ ಬರೆದು ಬಂದು ಮಲಗಿ ಎದ್ದರೆ ಕತ್ತಲಾದ ಮೇಲಷ್ಟೇ ಈಸ್ಟರ್ ಜಾಗರಣೆ. ದೀಪ ಆರಿಸಿದ ಚರ್ಚಿನಲ್ಲಿ ಒಂದೊಂದೇ ಮೇಣದ ಬತ್ತಿ ಹೊತ್ತಿಕೊಳ್ಳುವುದನ್ನು ತಪ್ಪಿಸಿಕೊಳ್ಳಬೇಕಾಗಿಲ್ಲ. ಆ ಪೂಜೆ ಭಾನುವಾರದ ಕಡ್ಡಾಯಕ್ಕೂ ಸಲ್ಲುತ್ತದೆ. ಗಣಿತಕ್ಕೆ ಭಾನುವಾರ, ಸೋಮವಾರ ಎರಡೂ ಉಳಿಯುತ್ತವೆ.

ಕ್ರೈಸ್ತರಲ್ಲದ ಗೆಳೆಯರಿಗೆ ಒಂದು ಮಾತು: ಹೆಸರಿನಲ್ಲಿ ‘ಶುಭ’ ಇದ್ದರೂ ಅದು ಯೇಸುವಿನ ಮರಣದ ದಿನ, ಅಂದು ಶುಭಾಶಯ ಕಳಿಸಬೇಡಿ. ವಿಜ್ಞಾನದ ನೋಟ್ಸು ಬೇಕಿದೆಯೇ ಎಂದು ಕೇಳಿ. ಶುಭಾಶಯ ಭಾನುವಾರಕ್ಕಿರಲಿ.