ಆಕಾಶಕ್ಕೆ ಶಾಖ ಬಿಟ್ಟುಕೊಡುವ ತಾರಸಿ

ಆಕಾಶಕ್ಕೆ ತೆರೆದುಕೊಂಡ ಮೇಲ್ಮೈಗಳೆಲ್ಲ ಹಗಲಿರುಳೆನ್ನದೆ ಅವಗೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಹೊರಸೂಸುತ್ತವೆ. ಬೆಂಗಳೂರಿನ ಹುಳಿಮಾವು ಬಡಾವಣೆಯ ಮನೆಗಳ ತಾರಸಿ, ಕೆರೆಯ ನೀರು, ಬನ್ನೇರುಘಟ್ಟ ರಸ್ತೆಯ ಡಾಂಬರು ಯಾವುದೂ ಇದಕ್ಕೆ ಹೊರತಲ್ಲ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಕಾಂಕ್ರೀಟ್ ತಾರಸಿಯ ಪ್ರತಿ ಚದರ ಮೀಟರಿನಿಂದ 400 ವಾಟ್‌ಗೂ ಹೆಚ್ಚು ಶಾಖ ಹೊರಡುತ್ತದೆ. ಇದರಲ್ಲಿ ದೊಡ್ಡ ಪಾಲನ್ನು ಗಾಳಿಯಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತವೆ. ಅವೂ ಕಿರಣ ಸೂಸುವುದರಿಂದ ಶಾಖ ಮತ್ತೆ ಕೆಳಗಿಳಿಯುತ್ತದೆ. ಆದರೆ ಸುಮಾರು 8ರಿಂದ 13 ಮೈಕ್ರಾನ್ ತರಂಗಾಂತರದ ಕಿರಣಗಳನ್ನು ವಾತಾವರಣ ಅಷ್ಟಾಗಿ ತಡೆಯುವುದಿಲ್ಲ. ಈ ಕಿಂಡಿಯ ಮೂಲಕ ಶಾಖ ನೇರ ಬಾಹ್ಯಾಕಾಶ ಸೇರುತ್ತದೆ. ಕೊಟ್ಟು ತೆಗೆದುಕೊಂಡ ಲೆಕ್ಕ ನೋಡಿದರೆ, ಮೋಡವಿಲ್ಲದ ಒಣ ರಾತ್ರಿಯಲ್ಲಿ ಚದರ ಮೀಟರಿಗೆ ಹೆಚ್ಚೆಂದರೆ 100 ವಾಟ್‌ನಷ್ಟು ಶಾಖ ನಷ್ಟವಾಗುತ್ತದೆ.

ಜನವರಿಯ ಮುಂಜಾನೆ ಬಯಲಿನಲ್ಲಿ ನಿಂತ ಕಾರಿನ ಮೇಲೆ ಇಬ್ಬನಿ ಹನಿಗಟ್ಟಿರುತ್ತದೆ. ಪಕ್ಕದಲ್ಲೇ ಹೊಂಗೆ ಮರದಡಿ ನಿಂತ ಕಾರು ಒಣಗಿರುತ್ತದೆ. ಮರದ ಎಲೆಗಳ ತಾಪ ಗಾಳಿಯ ತಾಪಕ್ಕೆ ಹತ್ತಿರವಿರುವುದರಿಂದ ಅವು ಕೆಳಗಿನ ಕಾರಿಗೆ ಸಾಕಷ್ಟು ಶಾಖವನ್ನು ಮರಳಿಸುತ್ತವೆ. ಬಯಲಿನ ಕಾರಿಗೆ ಆ ಆಸರೆಯಿಲ್ಲ. ಅದರ ತೆಳು ತಗಡು ಗಾಳಿಗಿಂತಲೂ ತಣ್ಣಗಾಗಿ, ನೀರಾವಿ ಹನಿಯಾಗುವ ಮಟ್ಟಕ್ಕಿಳಿಯುತ್ತದೆ. ಕಾರು ಕಪ್ಪೋ ಬಿಳಿಯೋ ಎಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಅವಗೆಂಪಿನಲ್ಲಿ ಎರಡು ಬಣ್ಣಗಳೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಶಾಖ ಸೂಸುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಚಳಿಗಾಲದ ಒಣಹವೆಯೂ ಕೂಡಿದಾಗ ಈ ತಂಪಾಗುವಿಕೆ ಬಲವಾಗಿರುತ್ತದೆ. ಮಳೆಗಾಲದಲ್ಲಿ ಮಾತ್ರ ತಗ್ಗಿನಲ್ಲಿ ತೇಲುವ ಮೋಡಗಳು ಆ ಕಿಂಡಿಯನ್ನೇ ಮುಚ್ಚಿಬಿಡುತ್ತವೆ.

ರಾತ್ರಿ ನೆಲ ತಣ್ಣಗಾಗುವಾಗ ಅದಕ್ಕೆ ಅಂಟಿಕೊಂಡ ಗಾಳಿಯೇ ಎಲ್ಲಕ್ಕಿಂತ ತಂಪಾಗಿರಬೇಕೆಂದು ಹಿಂದೆ ತಿಳಿಯಲಾಗಿತ್ತು. 1932ರಲ್ಲಿ ವಿಜ್ಞಾನಿಗಳಾದ ಎಲ್.ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ ಬೇರೆಯದನ್ನೇ ಕಂಡರು: ಗಾಳಿ ನಿಶ್ಚಲವಾಗಿರುವ ರಾತ್ರಿ, ಬರಿನೆಲಕ್ಕಿಂತ ಕೆಲವು ಅಂಗುಲ ಮೇಲಿನ ಗಾಳಿ ನೆಲಕ್ಕಿಂತಲೂ ತಂಪಾಗಿತ್ತು. ಬಹುಕಾಲ ಹಲವರು ನಂಬದಿದ್ದ ಈ ಫಲಿತಾಂಶಕ್ಕೆ ಸಿದ್ಧಾಂತ ಒದಗಿಸುವ ಕೆಲಸ ನಡೆದದ್ದು ಬೆಂಗಳೂರಿನಲ್ಲೇ. ಎ.ಎಸ್. ವಾಸುದೇವ ಮೂರ್ತಿ, ಜೆ. ಶ್ರೀನಿವಾಸನ್ ಮತ್ತು ರೊದ್ದಂ ನರಸಿಂಹ 1993ರಲ್ಲಿ ವಿವರವಾದ ವಿಕಿರಣ ಸಿದ್ಧಾಂತವನ್ನು ಪ್ರಕಟಿಸಿದರು. ನೆಲದ ಬಳಿ ತೇಲುವ ದೂಳಿನ ಕಣಗಳೇ ಶಾಖ ಸೂಸಿ ಗಾಳಿಯನ್ನು ತಣಿಸುತ್ತವೆ ಎಂಬ ವಿವರಣೆಯನ್ನು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ.ಆರ್. ಶ್ರೀನಿವಾಸ್ ಮತ್ತು ಸಂಗಡಿಗರು ನಂತರ ಮುಂದಿಟ್ಟರು.

ಹಗಲಿನಲ್ಲಿ ಲೆಕ್ಕ ತಿರುಗುತ್ತದೆ. ನಡುಹಗಲಿನ ಬಿಸಿಲು ಚದರ ಮೀಟರಿಗೆ ಸುಮಾರು 1000 ವಾಟ್ ಸುರಿಯುತ್ತದೆ. ಸಾಮಾನ್ಯ ಬಿಳಿ ಬಣ್ಣ ಅದರಲ್ಲಿ ಶೇ 80ರಷ್ಟನ್ನು ಪ್ರತಿಫಲಿಸಿದರೂ 200 ವಾಟ್ ಒಳಗೇ ಉಳಿಯುತ್ತದೆ. ಆಕಾಶಕ್ಕೆ ಹೋಗುವುದು ಅದರ ಅರ್ಧ. ಸುಮಾರು ಶೇ 90ರ ಪ್ರತಿಫಲನ ದಾಟಿದರೆ ಮಾತ್ರ ಮೇಲ್ಮೈ ಬಿಸಿಲಿನಲ್ಲೂ ಸುತ್ತಲಿನ ಗಾಳಿಗಿಂತ ತಂಪಾಗಬಲ್ಲದು. 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಶ್ವತ್ ರಾಮನ್, ಶಾನ್‌ಹುಯ್ ಫ್ಯಾನ್ ಮತ್ತು ಸಂಗಡಿಗರು ಶೇ 97ರಷ್ಟು ಬಿಸಿಲನ್ನು ಹಿಂದಿರುಗಿಸುವ ಬಹುಪದರದ ಫಲಕ ರಚಿಸಿ, ಅದು ಗಾಳಿಗಿಂತ 4.9 ಡಿಗ್ರಿ ತಂಪಾಗಿದ್ದುದನ್ನು ತೋರಿಸಿದರು. ಅದು ದುಬಾರಿ ವಿಧಾನ. ಜಕ್ಕೂರಿನ ಕೇಂದ್ರದಲ್ಲೇ ಬಿವಾಸ್ ಸಾಹಾ ಅವರ ತಂಡ ಮೆಗ್ನೀಸಿಯಂ ಆಕ್ಸೈಡ್ ಕಣಗಳನ್ನು ಪಾಲಿಮರಿನಲ್ಲಿ ಬೆರೆಸಿ, ಶೇ 96ರಷ್ಟು ಬಿಸಿಲನ್ನು ಪ್ರತಿಫಲಿಸುವ ಬಿಳಿ ಬಣ್ಣವನ್ನು ರೂಪಿಸಿದೆ. ಬಡಾವಣೆಗಳ ಸಾಮಾನ್ಯ ಮನೆಗಳಿಗೆ ಒದಗಬಲ್ಲದ್ದು ಹೀಗೆ ಬಳಿಯಬಹುದಾದ ಬಣ್ಣವೇ.

ಹೊಳೆಯುವುದೆಲ್ಲ ತಂಪಲ್ಲ ಎಂಬುದಕ್ಕೆ ಕಟ್ಟಡ ಕಾರ್ಮಿಕರ ಶೆಡ್‌ಗಳ ಮೇಲಿನ ಹೊಸ ತಗಡು ಸಾಕ್ಷಿ. ಅದು ಬಿಸಿಲಿನ ಒಂದಷ್ಟು ಪಾಲನ್ನು ಹಿಂದಿರುಗಿಸಿದರೂ ಲೋಹದ ಬರಿ ಮೈ ಅವಗೆಂಪನ್ನು ಸೂಸುವುದು ಅತಿ ಕಡಿಮೆ. ಒಳಹೊಕ್ಕ ಶಾಖ ಹೊರಹೋಗಲಾರದೆ ತಗಡು ಮುಟ್ಟಲಾಗದಷ್ಟು ಕಾಯುತ್ತದೆ, ಕೆಳಗಿರುವವರು ಬೇಯುತ್ತಾರೆ. ಅದೇ ತಗಡಿಗೆ ಬಿಳಿ ಬಣ್ಣ ಬಳಿದರೆ ಪ್ರತಿಫಲನವೂ ಸೂಸುವಿಕೆಯೂ ಎರಡೂ ಹೆಚ್ಚುತ್ತವೆ. ಬಳಿದ ಬಣ್ಣದ ಮೇಲೆ ದೂಳು, ಪಾಚಿ ಕೂತರೆ ಪ್ರತಿಫಲನ ಕುಗ್ಗುವುದರಿಂದ ಮಳೆಗಾಲ ಮುಗಿದ ಮೇಲೆ, ಬೇಸಿಗೆಗೆ ಮುನ್ನ ಅದನ್ನು ತೊಳೆಯುವುದು ಅಗತ್ಯ. ಎತ್ತರದ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕ ತಗ್ಗಿನ ಮನೆಗೆ ಕಾಣುವ ಆಕಾಶವೇ ಕಡಿಮೆ. ಸುತ್ತಲಿನ ಬಿಸಿ ಗೋಡೆಗಳು ಅದರ ತಾರಸಿಗೆ ಶಾಖ ಮರಳಿಸುವುದರಿಂದ ಅಲ್ಲಿ ಈ ಬಣ್ಣದ ಪ್ರಯೋಜನ ಅಷ್ಟರಮಟ್ಟಿಗೆ ತಗ್ಗುತ್ತದೆ.