ಸ್ವಭಾವವೂ ಚಿತ್ತವಿಕಾರವೂ: ಒಂದು ಪೂರ್ವಾಪರ ವಿಚಾರ

ಖಿನ್ನತೆ, ಉನ್ಮಾದ ಮೊದಲಾದ ಚಿತ್ತವಿಕಾರಗಳಿಗೂ ಮನುಷ್ಯನ ಹುಟ್ಟುಗುಣಕ್ಕೂ ಸಂಬಂಧವುಂಟೆಂಬ ಅಭಿಪ್ರಾಯವು ಪ್ರಾಚೀನ ಗ್ರೀಕರಷ್ಟು ಹಳೆಯದು. ದೇಹದಲ್ಲಿ ಕರಿಯ ಪಿತ್ತವು ಹೆಚ್ಚಿದವನು ವಿಷಣ್ಣನಾಗುವನೆಂದು ಅವರು ನಂಬಿದ್ದರು. (ನಮ್ಮ ಆಯುರ್ವೇದದ ಪ್ರಕೃತಿವಿಚಾರವು ಬೇರೆಯೇ ಆದುದರಿಂದ ಅದನ್ನು ಇಲ್ಲಿ ಬೆರೆಸಿಲ್ಲ.)

ಈ ಅಭಿಪ್ರಾಯಕ್ಕೆ ಆಧುನಿಕ ರೂಪವನ್ನಿತ್ತವನು ಜರ್ಮನಿಯ ಎಮಿಲ್ ಕ್ರೇಪೆಲಿನ್. ಉನ್ಮಾದ, ಖಿನ್ನತೆಗಳೆರಡೂ ಒಂದೇ ವ್ಯಾಧಿಯ ಮುಖಗಳೆಂದು 1899ರಲ್ಲಿ ನಿರೂಪಿಸಿದ ಆತನು, 1913ರ ವೇಳೆಗೆ ಆ ವ್ಯಾಧಿಗೆ ತಳಹದಿಯಾದ ನಾಲ್ಕು ಸ್ವಭಾವಗಳನ್ನು ವರ್ಣಿಸಿದನು: ವಿಷಾದದ್ದು, ಉಲ್ಲಾಸದ್ದು, ಸಿಡುಕಿನದು, ಏರಿಳಿತದ್ದು. ಇವು ಆತನ ದೃಷ್ಟಿಯಲ್ಲಿ ವ್ಯಾಧಿಯ ಸೌಮ್ಯರೂಪಗಳೇ ಆಗಿದ್ದವು.

ಹೈಡೆಲ್ಬರ್ಗಿನ ಹುಬರ್ಟುಸ್ ಟೆಲ್ಲೆನ್‌ಬಾಖ್ 1961ರಲ್ಲಿ ಬೇರೊಂದು ಚಿತ್ರವನ್ನು ಮುಂದಿಟ್ಟನು. ತೀವ್ರ ಖಿನ್ನತೆಗೆ ಒಳಗಾಗುವವರು ಅಚ್ಚುಕಟ್ಟನ್ನು ಬಿಡದವರು, ಕರ್ತವ್ಯದಲ್ಲಿ ತಮ್ಮಿಂದ ತಾವೇ ಅತಿಯಾಗಿ ನಿರೀಕ್ಷಿಸುವವರು ಎಂಬುದು ಆತನ ವಾದ. ಆದರೆ 175 ಅಧ್ಯಯನಗಳನ್ನು ಒಟ್ಟುಗೂಡಿಸಿ ಕೋಟೋವ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಖಿನ್ನರಲ್ಲಿ ಕಂಡುಬಂದುದು ಇದಕ್ಕೆ ವಿರುದ್ಧವಾಗಿ ಕರ್ತವ್ಯನಿಷ್ಠೆಯ ಕೊರತೆ. ಜೊತೆಗೆ ಬೇಗ ಕಳವಳಗೊಳ್ಳುವ ಗುಣವೂ ಅಧಿಕವಾಗಿತ್ತು. ಬಹುಕಾಲ ಎಡೆಬಿಡದೆ ಇರುವ ಸೌಮ್ಯ ಖಿನ್ನತೆಯಲ್ಲಿ ಜನರೊಡನೆ ಬೆರೆಯುವ ಉತ್ಸಾಹವೂ ವಿಶೇಷವಾಗಿ ಕುಗ್ಗಿತ್ತು.

ಈ ವಿರೋಧಕ್ಕೆ ಒಂದು ಕಾರಣ ಅಳೆದ ಕಾಲದಲ್ಲಿದೆ ಎಂದು ನನ್ನ ಅಭಿಪ್ರಾಯ. ಹಾಸಿಗೆಯಿಂದೇಳಲಾರದವನನ್ನು ಕೇಳಿದರೆ ತಾನು ಸೋಮಾರಿಯೆಂದೇ ಹೇಳಿಯಾನು. ಅದು ಸ್ವಭಾವವೋ ವ್ಯಾಧಿಯ ನುಡಿಯೋ? ಅಮೆರಿಕದ ಕೆಂಡ್ಲರ್ ಮತ್ತು ಸಹೋದ್ಯೋಗಿಗಳು ಅವಳಿ ಸ್ತ್ರೀಯರನ್ನು ಕೆಲವು ಕಾಲ ಅನುಸರಿಸಿ ನೋಡಿ, 1993ರಲ್ಲಿ ಇದನ್ನು ತಕ್ಕಮಟ್ಟಿಗೆ ಬಿಡಿಸಿದರು. ಕಳವಳಶೀಲತೆಯು ಖಿನ್ನತೆಗೆ ಮುಂಚೆಯೇ ಇದ್ದು ಅದನ್ನು ಸೂಚಿಸುತ್ತಿತ್ತು. ಖಿನ್ನತೆ ಇರುವಾಗ ಮತ್ತಷ್ಟು ಏರುತ್ತಿತ್ತು. ಕಳೆದ ಮೇಲೂ ಅಲ್ಪ ಕಲೆಯುಳಿಯುತ್ತಿತ್ತು. ಇವೆರಡರ ನಂಟು ಬಹುಮಟ್ಟಿಗೆ ಆನುವಂಶಿಕವೆಂದೂ ತೋರಿತು.

ಇತಿಹಾಸಕಾರನಿಗೆ ಇದು ಹೊರಗಿನ ವಿಷಯವಲ್ಲ. ಅಬ್ರಹಾಂ ಲಿಂಕನ್ 1841ರ ಜನವರಿಯಲ್ಲಿ ಘೋರ ವಿಷಾದದಲ್ಲಿದ್ದುದು ಆಗಿನ ಅವನ ಪತ್ರಗಳಿಂದಲೇ ತಿಳಿಯುತ್ತದೆ. ಆದರೆ ಅವನು ಸ್ವಭಾವತಃ ವಿಷಣ್ಣನೆಂಬ ಚಿತ್ರಕ್ಕೆ ಮುಖ್ಯ ಆಧಾರಗಳಲ್ಲೊಂದು, ವಕೀಲಿಯಲ್ಲಿ ಅವನ ಜೊತೆಗಾರನಾಗಿದ್ದ ಹರ್ನ್‌ಡನ್ 1865ರ ಹತ್ಯೆಯ ತರುವಾಯ ಕಲೆಹಾಕಿದ ನೆನಪುಗಳು. 1835ರಲ್ಲಿ ಆನ್ ರಟ್ಲೆಜ್ ತೀರಿಕೊಂಡಾಗ ಲಿಂಕನ್ ಕಂಗೆಟ್ಟನೆಂಬ ಹೇಳಿಕೆಗಳೂ ಅವುಗಳಲ್ಲಿ ಸೇರಿವೆ. ಅವನ್ನು ನುಡಿದವರು ಮೂವತ್ತು ವರ್ಷಗಳ ಬಳಿಕ, ಅವನ ಮುಂದಿನ ಕಥೆಯೆಲ್ಲವನ್ನೂ ಬಲ್ಲವರಾಗಿ ನುಡಿದರು.