ಮನೆ ‘ಜಪ್ತಿ’ಗೆ ಬಂತು ಅಂದ್ರೆ ಮನೆ ಹೋಯ್ತು ಅಂತಲ್ಲ

ಇವತ್ತಿನ ಸಂಚಿಕೆ ಒಂದೇ ಒಂದು ಪದದ ಬಗ್ಗೆ: ಜಪ್ತಿ.

ತಿಪಟೂರಿನ ಹತ್ತಿರ ನಮ್ಮ ಸೋದರಮಾವ ಹಿಟ್ಟಿನ ಗಿರಣಿ ಇಟ್ಟಿದ್ರು. ಮನೆ ಅಡಮಾನ ಇಟ್ಟು ಸಾಲ ತಗೊಂಡಿದ್ರು. ಕಂತು ನಿಂತಾಗ ಬ್ಯಾಂಕಿಂದ ನೋಟಿಸ್ ಬಂತು. ಮಾವ ಅದನ್ನ ಬೀರುವಿನಲ್ಲಿ ಹಳೇ ಪೇಪರ್ ಅಡಿ ಇಟ್ಟುಬಿಟ್ರು. ಅತ್ತೆಗೂ ಹೇಳಲಿಲ್ಲ. ಎರಡು ತಿಂಗಳಾದ ಮೇಲೆ ಬಾಗಿಲಿಗೆ ಇನ್ನೊಂದು ನೋಟಿಸ್ ಅಂಟಿಸಿದಾಗಲೇ ನಮಗೆಲ್ಲ ಗೊತ್ತಾಗಿದ್ದು. ‘ಮೊದಲೇ ಯಾಕೆ ಹೇಳಲಿಲ್ಲ ಮಾವ?’ ಅಂದೆ. ‘ಜಪ್ತಿಗೆ ಬಂದ್ಮೇಲೆ ಮುಗೀತಲ್ಲಪ್ಪ, ಇನ್ನೇನು ಹೇಳೋದು’ ಅಂದ್ರು.

ಆದರೆ ಮುಗಿದಿರಲಿಲ್ಲ. ಯಾಕೆ ಅಂತ ನೋಡೋಣ.

ಜಪ್ತಿ ಅರಬ್ಬಿ ಮೂಲದ ಪದ. ಅಮೀನ, ಜಾಮೀನು ಬಂದ ಹಾಗೇ ಪಾರ್ಸಿ ದಾರಿಯಲ್ಲಿ ನಮ್ಮ ಕಚೇರಿಗಳಿಗೆ ಬಂತು. ಮೂಲ ಅರ್ಥ ಬಿಗಿಯಾಗಿ ಹಿಡಿಯೋದು, ಹತೋಟಿ. ಹಿಡಿಯೋದು ಅಷ್ಟೇ, ನುಂಗೋದಲ್ಲ. ಇದಕ್ಕೆ ಕನ್ನಡದಲ್ಲಿ ಮುಟ್ಟುಗೋಲು ಅಂತಾನೂ ಇದೆ. ಪೇಪರ್‌ನಲ್ಲಿ ಎರಡೂ ಒಂದೇ ಥರ ಬರ್ತವೆ. ಕಾನೂನಿನಲ್ಲಿ ಮಾತ್ರ ಇದರೊಳಗೆ ಮೂರು ಬೇರೆ ಕೆಲಸ ಇವೆ.

ಒಂದು, ವಶ. ಪೊಲೀಸರು ಕೇಸಿಗಾಗಿ ಬೈಕೋ ಮೊಬೈಲೋ ತಗೊಂಡ್ರೆ ಅದು ಅವರ ಸುಪರ್ದಿಯಲ್ಲಿ ಇರುತ್ತೆ. ಮಾಲೀಕರು ನೀವೇ. ಬಿಡಿಸಿಕೊಡಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದು.

ಎರಡು, ಅಟ್ಯಾಚ್‌ಮೆಂಟ್. ಬಿಕಾಂ ಓದುವಾಗ ನನಗೆ ಇದು ಇಮೇಲ್ ಜೊತೆ ಕಳಿಸೋ ಫೈಲ್ ಅಂತ ಮಾತ್ರ ಗೊತ್ತಿತ್ತು! ಆಸ್ತಿ ನಿಮ್ಮ ಹೆಸರಲ್ಲೇ ಇರುತ್ತೆ, ಆದರೆ ಮಾರೋ ಹಾಗಿಲ್ಲ, ದಾನ ಕೊಡೋ ಹಾಗಿಲ್ಲ. ಇ.ಡಿ.ಯವರ ತಾತ್ಕಾಲಿಕ ಜಪ್ತಿ ಈ ಜಾತಿಯದ್ದು. 180 ದಿನದೊಳಗೆ ಪ್ರಾಧಿಕಾರ ಅದನ್ನ ದೃಢಪಡಿಸದಿದ್ದರೆ ಬಿದ್ದುಹೋಗುತ್ತೆ.

ಮೂರು, ಹಕ್ಕೇ ಹೋಗೋದು. ಚುನಾವಣೆಯಲ್ಲಿ ಸಿಂಧು ಮತಗಳ ಆರನೇ ಒಂದು ಭಾಗ ಬರದ ಅಭ್ಯರ್ಥಿಯ ಠೇವಣಿ ಹೋಗುತ್ತಲ್ಲ, ಹಾಗೆ. 1930ರ ದಶಕದಲ್ಲಿ ಕರ ನಿರಾಕರಿಸಿದ ಅಂಕೋಲಾ, ಸಿದ್ದಾಪುರದ ರೈತರ ಜಮೀನನ್ನ ಬ್ರಿಟಿಷ್ ಸರ್ಕಾರ ಕಿತ್ತುಕೊಂಡಿದ್ದೂ ಇದೇ.

ಜನ ಹೆದರೋದು ಮೂರನೆಯದಕ್ಕೆ. ಮನೆಗೆ ಬರೋ ನೋಟಿಸ್ ಹೆಚ್ಚಾಗಿ ಅದಕ್ಕಿಂತ ಹಿಂದಿನ ಹಂತದ್ದು.

ಜಪ್ತಿ ಬಡವರ ಮೇಲೆ ಮಾತ್ರ ಬೀಳುತ್ತೆ ಅಂದ್ಕೋಬೇಡಿ. ಅಪಘಾತದ ಪರಿಹಾರ ಕೊಡದಿದ್ದರೆ ಕೋರ್ಟ್ ಅಮೀನರು ಸಾರಿಗೆ ಬಸ್ಸನ್ನೇ ಹಿಡೀತಾರೆ. ಭೂಸ್ವಾಧೀನದ ದುಡ್ಡು ಕೊಡದ ಸರ್ಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರ್ ಹೊತ್ತು ತಂದಿದ್ದನ್ನ ನೀವೂ ಸುದ್ದೀಲಿ ನೋಡಿರ್ತೀರಿ. ಅಲ್ಲಿ ಜಪ್ತಿ ರೈತರ ಕೈಯಲ್ಲಿರೋ ಅಸ್ತ್ರ.

ಇದಕ್ಕೊಂದು ಮಿತಿನೂ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ, ಕೋರ್ಟ್ ಡಿಕ್ರಿ ಇದ್ದರೂ ಉಡೋ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಮುಟ್ಟೋ ಹಾಗಿಲ್ಲ. ಕುಶಲಕರ್ಮಿಯ ಉಪಕರಣ, ಬೇಸಾಯಕ್ಕೆ ಬೇಕಾದ ಎತ್ತು, ಬಿತ್ತನೆ ಬೀಜ, ಧರ್ಮದ ಪ್ರಕಾರ ಹೆಣ್ಣುಮಕ್ಕಳು ತೆಗೆಯಬಾರದ ಒಡವೆ, ಇವಕ್ಕೂ ರಕ್ಷಣೆ ಇದೆ.

ಆದರೆ ಅಡಮಾನ ಇಟ್ಟ ಮನೆಯ ಲೆಕ್ಕ ಬೇರೆ. ಅಲ್ಲಿ 2002ರ ಸರ್ಫೇಸಿ ಕಾಯ್ದೆ ಬರುತ್ತೆ. ಈ ದಿನಗಳನ್ನ ದಯವಿಟ್ಟು ಬರೆದಿಟ್ಟುಕೊಳ್ಳಿ. ಮೊದಲ ನೋಟಿಸ್‌ಗೆ 60 ದಿನ ಗಡುವು. ಆಕ್ಷೇಪಣೆ ಬರೆದುಕೊಟ್ಟರೆ ಬ್ಯಾಂಕ್ 15 ದಿನದಲ್ಲಿ ಉತ್ತರ ಕೊಡಬೇಕು. ಬಾಗಿಲಿಗೆ ಅಂಟಿಸೋದು ಸಾಂಕೇತಿಕ ಸ್ವಾಧೀನದ ನೋಟಿಸ್. ಅದನ್ನ ಪ್ರಶ್ನಿಸಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗೋಕೆ 45 ದಿನ ಇರುತ್ತೆ. ಹರಾಜಿನ ಪ್ರಕಟಣೆ ಹೊರಡೋ ಮುಂಚೆ ಬಾಕಿ, ಬಡ್ಡಿ, ಖರ್ಚು ಪೂರ್ತಿ ಕಟ್ಟಿದ್ರೆ ಬ್ಯಾಂಕ್ ಮಾರೋ ಹಾಗಿಲ್ಲ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸೋದಿಲ್ಲ.

ಮಾವನ ವಿಷಯದಲ್ಲಿ ಹರಾಜಿನ ಪ್ರಕಟಣೆ ಇನ್ನೂ ಬಂದಿರಲಿಲ್ಲ. ಗಿರಣಿ ಮಾರಿದ್ವಿ, ಅತ್ತೆ ಬಳೆ ಕೊಟ್ರು, ಅಮ್ಮ ಒಂದಿಷ್ಟು ಸೇರಿಸಿದ್ರು. ಮನೆ ಉಳೀತು. ಮೊದಲ ದಿನವೇ ಹೇಳಿದ್ದಿದ್ರೆ ಗಿರಣಿನೂ ಉಳೀತಿತ್ತೇನೋ. ಆ 60 ದಿನ ಬೀರುವಿನಲ್ಲೇ ಕಳೆದುಹೋಯ್ತು.

ಅದಕ್ಕೇ ಹೇಳ್ತೀನಿ, ನೋಟಿಸ್ ಬಂದ್ರೆ ಮುಚ್ಚಿಡಬೇಡಿ. ಮೊದಲು ತಾರೀಕು ನೋಡಿ, ಆಮೇಲೆ ಯಾವ ಕಾಯ್ದೆ ಅಂತ ನೋಡಿ, ಅವತ್ತೇ ಒಬ್ಬ ವಕೀಲರಿಗೆ ತೋರಿಸಿ. ಮನೆಯವರಿಗೂ ಹೇಳಿ.